ಎಲೆಯ ಮೇಲೆ ಅಡ್ಡ ಇಟ್ಟ ಕೈ

ಕೂತುಕೊಳ್ಳಿ, ಹಿಂದೆ ನಿಂತವರೂ ಕೂತುಕೊಳ್ಳಿ. ನೀವೂ ದಣಿದಿದ್ದೀರಿ, ನಾನೂ ದಣಿದಿದ್ದೇನೆ. ಶ್ರಾವಣದ ಪ್ರವಚನ ಶುರುವಾಗಿ ಇವತ್ತಿಗೆ ಇಪ್ಪತ್ತೊಂದು ದಿನ. ಇಷ್ಟು ದಿನ ಹೇಳಿದ್ದರಲ್ಲಿ ಎಷ್ಟು ನಿಮ್ಮೊಳಗೆ ಇಳಿದಿದೆಯೋ ಶಿವನೇ ಬಲ್ಲ. ಅದಕ್ಕೇ ಇವತ್ತು ಒಂದು ದೃಷ್ಟಾಂತ.

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ ಎಂದ ಕೂಡಲೇ ನೀವು ಅವನನ್ನು ಜಿಪುಣರ ಸಾಲಿಗೆ ಸೇರಿಸಿಬಿಟ್ಟಿರಿ, ಹೌದೋ ಅಲ್ಲವೋ? ಇವನು ಹಾಗಲ್ಲ. ಇವನು ಉಣಬಡಿಸುವ ಶ್ರೀಮಂತ. ಅವನ ಮನೆಯಲ್ಲಿ ಪಂಕ್ತಿ ಕೂತರೆ ತಾನೇ ಸೊಂಟಕ್ಕೆ ಟವೆಲ್ ಬಿಗಿದು ಸೌಟು ಹಿಡಿಯುತ್ತಿದ್ದ. ಸಾಕು ಎಂದು ನೀವು ಎಲೆಯ ಮೇಲೆ ಕೈ ಅಡ್ಡ ಇಟ್ಟಿರೋ, ಬೆರಳ ಸಂದಿಯಲ್ಲೇ ಪಾಯಸ ಸುರಿಯುತ್ತಿದ್ದ. "ನಮ್ಮ ಮನ್ಯಾಗ ಯಾರೂ ಅರ್ಧ ಹೊಟ್ಟಿಲೆ ಏಳಬಾರದ್ರೀ" ಎನ್ನುತ್ತಿದ್ದ. ಜನ ಹೊಗಳುತ್ತಿದ್ದರು. ಹೊಟ್ಟೆ ಹಿಡಿದುಕೊಂಡೇ ಹೊಗಳುತ್ತಿದ್ದರು.

ಅಂಥವನ ಮಗಳು ಏಳು ತಿಂಗಳಿಗೇ ಹೆತ್ತಳು. ಕೂಸಿನ ತೂಕ ಒಂದು ಕಿಲೋ ನೂರು ಗ್ರಾಂ. ಅದರ ತೊಡೆ ನನ್ನ ಈ ಹೆಬ್ಬೆರಳಿನಷ್ಟು. ಆಸ್ಪತ್ರೆಯವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಎದೆಗೆ ವೈರು ಅಂಟಿಸಿ, ಉಸಿರು ಎದೆಬಡಿತ ಎಲ್ಲ ಪರದೆಯ ಮೇಲೆ ನೋಡುತ್ತಿದ್ದರು. ಚೀಪಿ, ನುಂಗಿ, ಉಸಿರಾಡುವುದನ್ನು ಕೂಸು ಇನ್ನೂ ಕಲಿತಿರಲಿಲ್ಲ. ಅದಕ್ಕೇ ತಾಯಿ ಹಿಂಡಿ ಕೊಟ್ಟ ಹಾಲನ್ನು ಸಣ್ಣ ನಳಿಕೆಯಲ್ಲಿ ನೇರ ಹೊಟ್ಟೆಗೆ ಬಿಡುತ್ತಿದ್ದರು.

ಬಿಡುವವಳು ಒಬ್ಬ ಸಿಸ್ಟರ್. ನನ್ನ ಕಥೆ ಇರುವುದು ಅವಳದೇ. ನಿಂತೂ ನಿಂತೂ ಕಾಲಿನ ನರ ಉಬ್ಬಿದವಳು. ನೋಡಿ, ಅವಳು ಬಂದವಳೇ ಹಾಲು ಹಾಕುತ್ತಿರಲಿಲ್ಲ. ಮೊದಲು ಖಾಲಿ ಸಿರಿಂಜನ್ನು ನಳಿಕೆಗೆ ಹಚ್ಚಿ ಮೆಲ್ಲಗೆ ಎಳೆಯುತ್ತಿದ್ದಳು. ಯಾಕೆ? ಹಿಂದೆ ಹಾಕಿದ್ದು ಕರಗಿದೆಯೋ, ಅಲ್ಲೇ ನಿಂತಿದೆಯೋ ನೋಡಲಿಕ್ಕೆ. ಆಮೇಲೆ ಹೊಟ್ಟೆ ಉಬ್ಬಿದೆಯೋ ಎಂದು ಟೇಪು ಹಿಡಿದು ಅಳೆಯುತ್ತಿದ್ದಳು. ಆಮೇಲೆಯೇ ಹಾಲು. ಅದನ್ನೂ ಒತ್ತುತ್ತಿರಲಿಲ್ಲ, ಸಿರಿಂಜನ್ನು ಎತ್ತಿ ಹಿಡಿದು, ತಾನಾಗಿ ಇಳಿಯುವವರೆಗೆ ಕಾಯುತ್ತಿದ್ದಳು. ಎರಡು ತಾಸಿಗೊಮ್ಮೆ ಇದೇ ಕೆಲಸ.

ಶ್ರೀಮಂತ ವಾರ್ಡಿನ ಗಾಜಿನ ಕಿಟಕಿಯ ಆಚೆ ನಿಂತು ಕೇಳುತ್ತಿದ್ದ.

"ಎಷ್ಟ ಹಾಕಿದಿ ತಂಗಿ?"

"ನಾಕು ಎಂ.ಎಲ್. ರೀ."

"ಅಂದ್ರ?"

"ಸಣ್ಣ ಚಮಚಕ್ಕೂ ಕಡಿಮಿ."

ಅವನ ಕಣ್ಣು ತುಂಬಿತು. ನಗಬೇಡಿ, ಅದು ನಿಜವಾದ ಸಂಕಟ. ಸಾವಿರ ಜನಕ್ಕೆ ಉಣಿಸಿದವನ ಮೊಮ್ಮಗನಿಗೆ ಒಂದು ಚಮಚ ಹಾಲಿಲ್ಲ.

ಒಂಬತ್ತನೆಯ ದಿನ ಬದಲಿಗೆ ಬರಬೇಕಾದವಳು ಬರಲಿಲ್ಲ. ಬೆಳಗಿನ ಪಾಳಿ ಮುಗಿಸಿದ ಸಿಸ್ಟರ್ ಮಧ್ಯಾಹ್ನದ ಪಾಳಿಗೂ ತಾನೇ ನಿಂತಳು. ಆರು ಕೂಸು, ಇವಳೊಬ್ಬಳು. ಮೂರು ಗಂಟೆಗೆ ಶ್ರೀಮಂತ ಬಂದ.

"ಇವತ್ತರ ಎರಡು ಹೆಚ್ಚಿಗಿ ಹಾಕವ್ವಾ. ಡಾಕ್ಟರಿಗೆ ನಾ ಹೇಳತೀನಿ. ಕೂಸು ಮೈ ಹಿಡೀಬೇಕಲ್ಲ?"

ಸಿಸ್ಟರ್ ದೇವತೆಯೇನಲ್ಲ. ಅವಳಿಗೂ ಅನಿಸಿತು: ಹೂಂ ಅಂದುಬಿಟ್ಟರೆ ಈತ ಹೋಗುತ್ತಾನೆ, ನಾನೂ ಐದು ನಿಮಿಷ ಕೂರಬಹುದು. ಹಿಂದಿನ ಆರು ಸಲವೂ ಹೊಟ್ಟೆ ಖಾಲಿಯೇ ಇತ್ತು. ಈ ಒಂದು ಸಲ ಎಳೆದು ನೋಡದಿದ್ದರೆ ಯಾರು ಕೇಳುತ್ತಾರೆ? ದಣಿವು ಹೀಗೇ ಮಾತಾಡುತ್ತದೆ ನೋಡಿ. ನಿಮ್ಮ ಮನೆಯಲ್ಲೂ ಇದೇ ದನಿಯಲ್ಲಿ ಮಾತಾಡುತ್ತದೆ.

ಆದರೆ ಕೈ ರೂಢಿ ಬಿಡಲಿಲ್ಲ. ಸಿರಿಂಜು ಎಳೆದಳು. ಹಸಿರು ಪಿತ್ತ ಬಂತು. ಟೇಪು ಹಿಡಿದಳು, ಬೆಳಗಿಗಿಂತ ಎರಡು ಸೆಂಟಿಮೀಟರ್ ಹೆಚ್ಚು. ಸಿಸ್ಟರ್ ಹಾಲಿನ ಬಟ್ಟಲು ಮುಚ್ಚಿ ಪಕ್ಕಕ್ಕಿಟ್ಟು, ಡಾಕ್ಟರಿಗೆ ಫೋನು ಮಾಡಿದಳು.

"ಹಾಲ ಯಾಕ ಮುಚ್ಚಿಟ್ಟಿ?" ಶ್ರೀಮಂತನ ದನಿ ಏರಿತು. "ನನ್ನ ಕೂಸನ್ನ ಉಪವಾಸ ಕೆಡವತೀಯೇನು?"

ದನಿ ಏರಿಸಲು ಅವಳಲ್ಲಿ ತ್ರಾಣವಿರಲಿಲ್ಲ. ಮೆಲ್ಲಗೇ ಹೇಳಿದಳು.

"ಸಾವಕಾರ್ರ, ನಿಮ್ಮ ಪಂಕ್ತ್ಯಾಗ ನಾನೂ ಉಂಡೀನಿ. ಸಾಕು ಅಂತ ಎಲಿ ಮ್ಯಾಲ ಕೈ ಇಟ್ಟಿದ್ದೆ, ನೀವು ಕೇಳಲಿಲ್ಲ. ನಾ ಹಿತ್ತಲಕ್ಕ ಹೋಗಿ ಕಾರಿಕೊಂಡು ಪಾರಾದೆ. ಇದಕ್ಕ ಕೈ ಅಡ್ಡ ಇಡಾಕ ಬರೂದಿಲ್ಲರಿ. ಇದರ ಕೈ ಅಂದ್ರ ನಾನ."

ಡಾಕ್ಟರ್ ಬಂದರು. ಕರುಳಿಗೆ ಸೋಂಕು ಹತ್ತುತ್ತಿತ್ತು. ಆ ಹೊತ್ತಿನಲ್ಲಿ ಇನ್ನಷ್ಟು ಹಾಲು ಹೋಗಿದ್ದರೆ ಕೂಸು ಕೈಗೆ ಸಿಗುತ್ತಿತ್ತೋ ಇಲ್ಲವೋ ಎಂದರು. ಏಳು ದಿನ ಹಾಲು ಬಂದ್, ಆಹಾರ ಔಷಧ ಎಲ್ಲ ನರದ ಮೂಲಕ. ಶ್ರೀಮಂತ ಏಳು ದಿನ ಹೊರಗಿನ ಬೆಂಚಿನ ಮೇಲೆ ಕೂತ. ಎಂಟನೆಯ ದಿನ ಒಂದು ಎಂ.ಎಲ್. ಹಾಲಿನಿಂದ ಮತ್ತೆ ಶುರುವಾಯಿತು. ಎರಡು ತಾಸು ಬಿಟ್ಟು ಶ್ರೀಮಂತ ಗಾಜಿನ ಹತ್ತಿರ ಬಂದ. ಎಷ್ಟು ಹಾಕಿದಿ ಎಂದು ಕೇಳಲಿಲ್ಲ.

"ಹಿಂದಿನ್ದು ಕರಗೇತೇನವ್ವಾ?"

"ಕರಗೇತ್ರಿ" ಎಂದು ಸಿಸ್ಟರ್ ಸ್ಟೂಲು ಎಳೆದುಕೊಂಡು ಕೂತಳು.

ಕೂಸು ಎರಡು ಕಿಲೋ ಆಗಿ ಮನೆಗೆ ಹೋಯಿತು. ನಾಮಕರಣದ ಪಂಕ್ತಿಯಲ್ಲಿ ಸಿಸ್ಟರ್ ಕೂತಿದ್ದಳು. ಶ್ರೀಮಂತ ಪಾಯಸ ತಂದ. ಅವಳು ಎಲೆಯ ಮೇಲೆ ಕೈ ಇಟ್ಟಳು. ಸೌಟು ಗಾಳಿಯಲ್ಲೇ ನಿಂತಿತು. ಆಮೇಲೆ ಅವನು ಮುಂದಿನ ಎಲೆಗೆ ಹೋದ.

ಈಗ ನಿಮ್ಮ ಕಡೆ ಬರುತ್ತೇನೆ. ಆ ಶ್ರೀಮಂತ ಯಾರು? ಶಾಲೆಯಿಂದ ಬಂದ ಮಗಳು ಬೂಟು ಬಿಚ್ಚುವ ಮೊದಲೇ ಟ್ಯೂಶನ್ ಪುಸ್ತಕ ಕೈಗಿಡುವವರು ನೀವಲ್ಲವೇ? ಬಾಣಂತಿಯ ಮುಂದೆ ಅಂಟಿನುಂಡೆಯ ಡಬ್ಬಿ ಇಟ್ಟು, ಅವಳ ಕಣ್ಣಲ್ಲಿ ನೀರು ಯಾಕೆ ಬಂತೆಂದು ಕೇಳದವರು ಯಾರು? ಪ್ರೀತಿಯಿದೆ ನಿಮ್ಮಲ್ಲಿ, ಇಲ್ಲ ಅನ್ನುವುದಿಲ್ಲ. ಎಳೆದು ನೋಡುವ ತಾಳ್ಮೆ ಇಲ್ಲ. ನಾಳೆಯಿಂದ ಮಗು ಮನೆಗೆ ಬಂದರೆ, ಇವತ್ತು ಹೇಗಿತ್ತು ಎಂದು ಮೊದಲು ಕೇಳಿ, ಕೇಳಿ ಸುಮ್ಮನೆ ಕಾಯಿರಿ. ಸಾಕು ಎಂದವರಿಗೆ ಸಾಕು. ಸಾಕು ಎನ್ನಲು ಬಾರದವರು ಮನೆಯಲ್ಲಿದ್ದರೆ ಅವರ ಕೈ ನೀವಾಗಿ. ದಣಿದಿದ್ದೇನೆ, ಈ ಒಂದು ಸಲ ನೋಡದಿದ್ದರೆ ಏನಾಯಿತು ಅನಿಸುತ್ತದೆ. ಹಾಗೆ ಅನಿಸಿದ ಸಲವೇ ನೋಡಬೇಕು.

ಇನ್ನೂ ಅರ್ಧ ತಾಸು ಹೇಳಬೇಕೆಂದು ಬಂದಿದ್ದೆ. ಮೂರನೆಯ ಸಾಲಿನಲ್ಲಿ ಅಜ್ಜಿಯೊಬ್ಬಳು ತೂಕಡಿಸುತ್ತಿದ್ದಾಳೆ. ಎಬ್ಬಿಸಬೇಡಿ. ಅದೂ ಅಡ್ಡ ಇಟ್ಟ ಕೈಯೇ, ಇಪ್ಪತ್ತು ದಿನದಿಂದ ನನಗೆ ಕಂಡಿರಲಿಲ್ಲ. ಇವತ್ತಿಗೆ ಸಾಕು. ದಾಸೋಹಕ್ಕೆ ಏಳಿ. ಬಡಿಸುವವರು ಎಲೆಯ ಮೇಲಿನ ಕೈ ನೋಡಿ ಬಡಿಸಿ.