ಪಂಚಮಿಗೆ ಹಚ್ಚಿದ ಗೇಮ್

ಬೈಲಹೊಂಗಲದ ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಮುಂದಿದ್ದ ತರುಣ ಹಳೆಯ ವಿಡಿಯೊ ಗೇಮ್ ಡಬ್ಬಿಯನ್ನು ಟೇಬಲ್ ಮೇಲಿಟ್ಟ.

“ಇದನ್ನ ಕಂಪ್ಯೂಟರ್ ಮಾನಿಟರಿಗೆ ಹಚ್ಚಬೇಕ್ರಿ. ವೈರ್ ಕುಂದ್ರವಲ್ದು.”

“ನಡುವ ಕನ್ವರ್ಟರ್ ಹಾಕಬೇಕ್ರಿ. ಹಳೇ ಟಿವಿ ಇಲ್ಲೇನು?” ಎಂದರು ಅಂಗಡಿಯವರು.

“ಕೆಟ್ಟೈತ್ರಿ. ಪಂಚಮಿಗೆ ನಮ್ಮ ಶೈಲಕ್ಕನ್ನ ಕರೀಬೇಕು. ಸಣ್ಣವರಿದ್ದಾಗ ಇಬ್ರೂ ಇದರಾಗ ಆಡ್ತಿದ್ವಿ.”

“ಹಬ್ಬಕ್ಕ ತವರಿಗೆ ಬರಾಕ ಗೇಮ್ ಯಾಕ್ರಿ?”

“ಅಪ್ಪನ ಕೂಡ ಮಾತು ಬಿಟ್ಟಾಳ್ರಿ. ಉಂಡಿ ಕಟ್ಟೇವಿ ಬಾ ಅಂದ್ರೂ ಒಲ್ಲೆ ಅಂದ್ಲು, ಜೋಕಾಲಿ ಕಟ್ಟೇವಿ ಅಂದ್ರೂ ಒಲ್ಲೆ ಅಂದ್ಲು. ಈ ಗೇಮ್ ಹಚ್ಚೇನಿ ಅಂದ್ರರ ಬಂದಾಳು.”

ಅಂಗಡಿಯವರು ಕನ್ವರ್ಟರ್ ಹಚ್ಚಿದರು. ಪರದೆಯಲ್ಲಿ ಕೆಂಪು, ಹಳದಿ ಕಾರುಗಳು ಮೂಡಿದವು.

“ಚಿತ್ರ ಬಂತು ನೋಡ್ರಿ. ಮಾನಿಟರಿಗೆ ಸ್ಪೀಕರ್ ಇಲ್ಲ, ಸಪ್ಪಳ ಬರಂಗಿಲ್ಲ. ಒಂದು ಕೊಡ್ಲೇನ್ರಿ?”

“ಬ್ಯಾಡ್ರಿ. ಅಕ್ಕ ಬಂದ್ರ ಸಪ್ಪಳ ಆಕೀನ ಮಾಡ್ತಾಳ.”

ಡಬ್ಬಿ, ಕನ್ವರ್ಟರ್ ಎತ್ತಿಕೊಂಡು ಹೊರಟವನು ಬಾಗಿಲಲ್ಲಿ ನಿಂತ.

“ಬರದಿದ್ರ, ಸಪ್ಪಳ ಯಾರಿಗೆ ಬೇಕ್ರಿ?”