ಏಳನೇ ಬಾವಿಯ ನೀರು

ಈ ಸಲ ಒಂದಕ್ಷರ ಸುಳ್ಳಿಲ್ಲ ಕಣೇ ಪುಟ್ಟಿ. ಕಿಸಕಿಸ ಅನ್ನಬೇಡ, ನಿಮ್ಮಜ್ಜಿ ಎದ್ದಾಳು. ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆಗಿದ್ದು.

ಅವನಿಗೆ ನೀರು ಪರೀಕ್ಷೆಗೆ ತರೋ ಕೆಲಸ. ಊರಾಚೆ ಫಿರಂಗಿ, ಬಾಂಬು ಹೊಡೆದು ನೋಡೋ ಮೈದಾನ. ಅದರೊಳಗೆ ಏಳು ಬಾವಿ. ಮದ್ದಿನ ವಿಷ ನೆಲಕ್ಕಿಳಿದಿದೆಯಾ ಅಂತ ನೋಡ್ಬೇಕು. ಕೆಳಗಿನ ಸಾಲುಮನೆಯೋರು ಕುಡಿಯೋದೂ ಅದೇ ನೆಲದ ನೀರು, ಮಕ್ಕಳೆಲ್ಲ ಹೊಟ್ಟೆ ಹಿಡ್ಕೊಂಡು ಮಲಗಿದ್ವು. ವಿಷ ಇದೆ ಅಂತ ವರದಿ ಬಂದ್ರೆ ಮಾತ್ರ ಟ್ಯಾಂಕರ್ ನೀರು.

ಹೊಡೆಯೋದು ನಿಲ್ಸಿ ಕೆಂಪು ಬಾವುಟ ಇಳಿಸಿದ ಮೇಲೇ ಒಳಗೆ ಬಿಡೋದು. ಅಷ್ಟೊತ್ತಿಗೆ ಕತ್ತಲು. ಪ್ರತಿ ಬಾವಿಲೂ ನಿಂತ ನೀರು ಎತ್ತಿ ಚೆಲ್ಲಿ, ಆಮೇಲೆ ಬರೋದನ್ನ ಬಾಟಲಿಗೆ ತುಂಬಿ, ನಂಬರ್ ಚೀಟಿ ಅಂಟಿಸ್ಬೇಕು. ಇವನು ಮೈಗಳ್ಳ. ಮೊದಲು ಸಿಕ್ಕ ಬಾವಿಯಿಂದಲೇ ಏಳೂ ಬಾಟಲಿ ತುಂಬ್ದ. ಒಂದರಿಂದ ಏಳರವರೆಗೆ ಚೀಟಿ ಅಂಟಿಸ್ದ. ಮುಗೀತು.

ಆದ್ರೆ ಆಚೆ ಗೇಟಲ್ಲಿ ರುಜು ಹಾಕಿ ಹೋಗ್ಬೇಕು. ದಾರಿ ಏಳನೇ ಬಾವಿ ಪಕ್ಕದಲ್ಲೇ.

ಅದು ಹಳೇ ಊರಿನ ಬಾವಿ. ಮೈದಾನ ಆಗೋ ಮುಂಚೆ ಅಲ್ಲಿ ಮುನ್ನೂರು ಮನೆ ಇತ್ತು... ಹೋಗ್ಲಿ, ಮೂವತ್ತು. ಒಂದೇ ದಿನದಲ್ಲಿ ಎಲ್ಲರನ್ನೂ ಎಬ್ಬಿಸಿ ಕಳಿಸಿದ್ರು. ಆ ಮನೆಗಳಿಗೇ ಗುರಿ ಇಟ್ಟು ಹೊಡೆದು ಮಣ್ಣು ಮಾಡಿದ್ರು. ಉಳಿದಿದ್ದು ಬಾವಿಕಟ್ಟೆ ಒಂದೇ. ರಾಟೆ ಇಲ್ಲ. ಹಗ್ಗ ಇಲ್ಲ.

ಕಿರ್ರ್... ಕಿರ್ರ್...

ರಾಟೆ ಸದ್ದು. ಇವನು ನಿಂತ. ಅದೂ ನಿಂತ್ಕೊಳ್ತು. ಒಂದು ಹೆಜ್ಜೆ ಇಟ್ಟ. ಕಿರ್ರ್... ಆಮೇಲೆ ಆಳದಲ್ಲಿ ಬುಳುಕ್. ಕೊಡ ಮುಳುಗಿದ ಸದ್ದು.

ಬೆನ್ನ ಹಿಂದೆ ಹೆಂಗಸಿನ ಪಿಸುಮಾತು.

"ನಮ್ಮ ನೀರು ತಗೊಂಡ್ಯಾ ಅಪ್ಪ?"

"ತ... ತಗೊಂಡೆ ಅಕ್ಕ."

"ಯಾವಾಗ...? ನಾನು ಇಲ್ಲೇ ಇದ್ನಲ್ಲ."

ಇವನು ತಿರುಗಿ ನೋಡ್ಲಿಲ್ಲ. ಕೈಲಿದ್ದ ಬಾಟಲಿ ಪೆಟ್ಟಿಗೆ ಮೆಲ್ಲಗೆ ಭಾರ ಆಗ್ತಾ ಬಂತು... ತುಂಬಿದ ಕೊಡದಷ್ಟು. ಬಿದ್ದೆನೋ ಕೆಟ್ಟೆನೋ ಅಂತ ಓಡ್ದ. ಚಪ್ಪಲಿ ಇವತ್ತಿಗೂ ಅಲ್ಲೇ ಇದೆ.

ಗೇಟಿನ ದೀಪದ ಕೆಳಗೆ ಪೆಟ್ಟಿಗೆ ತೆಗೆದ್ರೆ ಆರು ಬಾಟಲೀಲಿ ತಿಳಿನೀರು. ಏಳನೇದು... ನಸುಗೆಂಪು. ಮದ್ದು ಕರಗಿದ ನೀರು ಆ ಬಣ್ಣಕ್ಕೆ ತಿರುಗುತ್ತಂತೆ, ಲ್ಯಾಬಿನೋರು ಆಮೇಲೆ ಹೇಳಿದ್ದು. ಆ ಒಂದು ಬಾಟಲಿ ನೋಡೇ ಸಾಲುಮನೆಯ ಬೋರ್‌ವೆಲ್ ಮುಚ್ಚಿಸಿದ್ರು. ಟ್ಯಾಂಕರ್ ಬಂತು. ಮಕ್ಕಳು ಎದ್ದು ಓಡಾಡಿದ್ವು.

ಆದ್ರೆ ಆ ಬಾಟಲಿ ಕುತ್ತಿಗೆಗೆ ಒಂದು ಗೇಣು ಹಗ್ಗ ಬಿಗಿದಿತ್ತು. ಒದ್ದೆ ಹಗ್ಗ. ಗಂಟು ಬಿಚ್ಚೋಕೆ ಹೋಗಿ ನನ್ನ ಉಗುರೇ ಕಿತ್ತು ಬಂತು.

"ಯಾರ ಉಗುರು, ತಾತ?"

"...ಅವನದು."

"ಈಗ 'ನನ್ನ' ಅಂದ್ಯಲ್ಲ. ನಿನ್ನ ಚಿಕ್ಕಪ್ಪನಿಗೆ ಮೂರೂ ಹೆಣ್ಣುಮಕ್ಕಳೇ ಅಲ್ವಾ? ಹಾಗಾದ್ರೆ ಆ ಸುಳ್ಳು ಚೀಟಿ ಅಂಟಿಸಿದ್ದು..."

"ಮೆಲ್ಲಗೆ ಮಾತಾಡೇ... ಹಗ್ಗ ಮಾತ್ರ ನಿಜ ಕಣಮ್ಮ."