ಇಬ್ಬರು ಮಾಡಿದ ಮಣ್ಣಿನ ಆನೆ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಬೆಳ್ತಂಗಡಿ ಬಸ್ಸಿಗೆ ಕಾಯುತ್ತಿದ್ದರು. ಹಿರಿಯವರು ಖದೀಜ, ಕಿರಿಯವರು ಶಶಿಪ್ರಭಾ ಎಂದು ಮಾತಿನಿಂದಲೇ ತಿಳಿಯಿತು.

“ಮಿಜಾರಿನ ಶಿಲ್ಪ ಪ್ರದರ್ಶನಕ್ಕೆ ಹೋಗಿದ್ದಿರಂತೆ. ಮೂರ್ತಿಗಳು ಚಂದ ಉಂಟಾ ಶಶಿ?”

“ಮೂರ್ತಿಯೇ ಇಲ್ಲ ಖದೀಜಕ್ಕ, ನಾವೇ ಮಾಡಬೇಕಂತೆ! ನಡುವೆ ಒಂದು ಪರದೆ. ಆಚೆ ಒಬ್ಬರು, ಈಚೆ ಒಬ್ಬರು. ಪರದೆಯ ತೂತಿನಲ್ಲಿ ಕೈ ಹಾಕಿ ಒಂದೇ ಮಣ್ಣಿನಲ್ಲಿ ಇಬ್ಬರೂ ಸೇರಿ ಏನಾದರೂ ಮಾಡುವುದು. ಮುಖ ಕಾಣುವುದಿಲ್ಲ, ಮಾತಾಡಲಿಕ್ಕಿಲ್ಲ.”

“ನಿನ್ನ ಗಂಡ ಶೇಖರಣ್ಣ ಕೂತರಾ?”

“ಕೂತರು. ಆನೆ ಮಾಡಿದರು. ಇವರದು ಕಿವಿ, ಆಚೆಯವರದು ಸೊಂಡಿಲು. ‘ಒಳ್ಳೆ ಜನ ಮಾರಾಯ್ತಿ, ನನ್ನ ಮನಸ್ಸಿನಲ್ಲಿ ಇದ್ದದ್ದು ಅವರಿಗೆ ಗೊತ್ತಾಗ್ತದೆ’ ಅಂತ ನನ್ನ ಹತ್ತಿರ ಮೆಲ್ಲ ಹೇಳಿದರು.”

“ಯಾರಂತೆ ಅವರು?”

“ಕೊನೆಗೆ ಶಿಲ್ಪಿ ಪರದೆ ಸರಿಸಿದರು. ನೋಡಿದರೆ ಇವರ ಅಣ್ಣ!”

“ಅಲ್ಲಾ! ಬಾವಿ ಯಾರಿಗೆ ಅಂತ ಜಗಳ ಆದ ಮೇಲೆ ಅವರಿಬ್ಬರಿಗೆ ಮಾತೇ ಇಲ್ಲವಲ್ಲ?”

“ಅಲ್ಲಿಯೇ ಬಾವಿಯ ಜಗಳ ಪುನಃ ಶುರುವಾಯ್ತು. ಸುತ್ತ ನಿಂತವರು ಅದೂ ಕಲೆಯೇ ಅಂತ ಚಪ್ಪಾಳೆ ಹೊಡೆದರು. ಇಬ್ಬರಿಗೂ ನಾಚಿಕೆಯಾಗಿ ನಗು ಬಂತು.”

“ಸದ್ಯ, ಜಗಳ ಮುಗಿಯಿತಲ್ಲ.”

“ಎಲ್ಲಿ ಮುಗಿಯಿತು? ಈಗ ಆನೆ ಯಾರ ಮನೆಯಲ್ಲಿ ಇಡುವುದು ಅಂತ ಜಗಳ. ಅದಕ್ಕೇ ಅಂತ ಭಾವ ದಿನಾ ಸಂಜೆ ನಮ್ಮಲ್ಲಿಗೆ ಬರ್ತಾರೆ. ಚಾ ಕುಡಿದೇ ಹೋಗುವುದು.”

ಬಸ್ಸು ಬಂತು. ಖದೀಜ ಚೀಲ ಎತ್ತಿಕೊಂಡು ಎದ್ದರು.

“ನೀನು ಮಾತ್ರ ನಡುವೆ ಹೋಗಿ ತೀರ್ಮಾನ ಮಾಡಬೇಡ ಆಯ್ತಾ?”

“ನನಗೆ ಮರುಳಾ ಖದೀಜಕ್ಕ? ಹತ್ತುವ, ಹತ್ತುವ.”